ಹಾಡು, ಸೈನ್ಯ ಮತ್ತು ಏಪ್ರಿಲ್ ಇಪ್ಪತ್ತೈದು: ಪೋರ್ಚುಗಲ್ಲಿನ ಗಾಯಕ-ಕವಿ ಜೋಸೆ ಅಫೊನ್ಸೊ

ಕನ್ನಡನಾಡಿನ ಇತಿಹಾಸವನ್ನು ಅಭ್ಯಸಿಸುವವರಿಗೆ ಪೋರ್ಚುಗೀಸರು ಅಪರಿಚಿತರಲ್ಲ. ವಿಜಯನಗರದ ವೈಭವವನ್ನು ವರ್ಣಿಸಹೊರಟವರು ದೊಮಿಂಗೊ ಪಾಯೆಸನ ಮತ್ತು ಫೆರ್ನಾವೊ ನೂನಿಜನ ಬರಹಗಳನ್ನು ಉದ್ಧರಿಸದೆ ಮುಂದುವರಿಯಲಾರರು. ಆಲ್ಬುಕರ್ಕನು ೧೫೧೦ರಲ್ಲಿ ಗೋವೆಯನ್ನು ಗೆದ್ದುಕೊಂಡದ್ದು, ಬಸರೂರು ಮಂಗಳೂರುಗಳ ಅಕ್ಕಿಯ ವ್ಯಾಪಾರಕ್ಕಾಗಿ ಆ ಜನ ಹೂಡಿದ ಹಂಚಿಕೆಗಳು, ಉಳ್ಳಾಲದ ಅಬ್ಬಕ್ಕನ ಪ್ರತಿಭಟನೆ, ಕೆಳದಿಯ ಅರಸರೊಡನೆ ನಡೆದ ಒಪ್ಪಂದಗಳು, ಇವೆಲ್ಲ ನಮ್ಮ ತರಗತಿಗಳಲ್ಲಿ ಪಾಠವಾಗುವ ವಿಷಯಗಳು. ಆದರೆ ಹದಿನೆಂಟನೆಯ ಶತಮಾನವನ್ನು ದಾಟಿದೊಡನೆ ಪೋರ್ಚುಗೀಸರು ನಮ್ಮ ಪಠ್ಯಪುಸ್ತಕಗಳಿಂದ ಮರೆಯಾಗಿಬಿಡುತ್ತಾರೆ. ೧೯೬೧ರ ಡಿಸೆಂಬರಿನಲ್ಲಿ ಗೋವೆಯನ್ನು ಬಿಟ್ಟುಹೋಗುವುದಕ್ಕಾಗಿಯೇ ಎಂಬಂತೆ ಮತ್ತೊಮ್ಮೆ ಕಾಣಿಸಿಕೊಂಡು ಪುನಃ ಅದೃಶ್ಯರಾಗುತ್ತಾರೆ. ಗೋವೆಯ ಜನರನ್ನು ಆಳಿದ ಆ ಸರ್ಕಾರವು ತನ್ನ ಸ್ವಂತ ಪ್ರಜೆಗಳನ್ನು ಹೇಗೆ ಆಳುತ್ತಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಅಪರೂಪ.

ಈ ಪ್ರಶ್ನೆಗೆ ಉತ್ತರ ದೊರೆಯುವ ಆಕರಗಳಲ್ಲಿ ಹಾಡೂ ಒಂದು. ಧ್ವನಿಮುದ್ರಿಕೆಯ ಹಾಡನ್ನು, ರೇಡಿಯೋ ಹಾಡನ್ನು ಚರಿತ್ರಕಾರರು ಸಾಮಾನ್ಯವಾಗಿ ಲಘುವಸ್ತುವೆಂದು ಬದಿಗಿರಿಸುತ್ತಾರೆ. ಶಾಸನಕ್ಕೆ ಸಲ್ಲುವ ಮರ್ಯಾದೆ ಅದಕ್ಕೂ ಸಲ್ಲಬೇಕೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಒಂದು ಸರ್ಕಾರವು ಒಬ್ಬ ಗಾಯಕನ ಹೆಸರನ್ನೇ ಪತ್ರಿಕೆಗಳಲ್ಲಿ ಅಚ್ಚಾಗದಂತೆ ತಡೆದಾಗ, ಆ ಸರ್ಕಾರದ ಕೈಕೆಳಗಿನ ಸೇನಾಧಿಕಾರಿಗಳೇ ಆತನ ಹಾಡನ್ನು ತಮ್ಮ ದಂಗೆಯ ಸಂಕೇತವಾಗಿ ಆರಿಸಿಕೊಂಡಾಗ, ಅಂಥ ಹಾಡನ್ನು ವಿಚಾರಿಸದೆ ಬಿಡುವುದು ಚರಿತ್ರಕಾರನಿಗೆ ಒಪ್ಪುವ ಮಾತಲ್ಲ. ಜೋಸೆ ಅಫೊನ್ಸೊ ಅಂಥ ಗಾಯಕನು. ಪೋರ್ಚುಗಲ್ಲಿನ ಜನರು ಆತನನ್ನು ಇಂದಿಗೂ ‘ಜೆಕಾ’ ಎಂಬ ಮನೆಯ ಹೆಸರಿನಿಂದಲೇ ನೆನೆಯುತ್ತಾರೆ.

ಮೊದಲು ಆಳಿಕೆಯ ಸ್ವರೂಪವನ್ನು ಸ್ವಲ್ಪದರಲ್ಲಿ ತಿಳಿಯಬೇಕು. ೧೯೨೬ರ ಮೇ ೨೮ರಂದು ಸೈನ್ಯವು ಪೋರ್ಚುಗಲ್ಲಿನ ಗಣರಾಜ್ಯವನ್ನು ಉರುಳಿಸಿತು. ಕೊಯಿಂಬ್ರ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಸಲಜಾರನು ೧೯೨೮ರಲ್ಲಿ ಅರ್ಥಸಚಿವನಾಗಿ, ೧೯೩೨ರಲ್ಲಿ ಪ್ರಧಾನಿಯಾಗಿ, ೧೯೩೩ರ ಸಂವಿಧಾನದ ಮೂಲಕ ‘ನವರಾಜ್ಯ’ವೆಂಬ ಹೆಸರಿನ ಸರ್ವಾಧಿಕಾರವನ್ನು ಸ್ಥಾಪಿಸಿದನು. ಪಕ್ಷಗಳಿಲ್ಲ, ಮುಷ್ಕರದ ಹಕ್ಕಿಲ್ಲ, ಪತ್ರಿಕೆ, ನಾಟಕ, ಹಾಡು ಎಲ್ಲವೂ ಪರಿಶೀಲನಾಧಿಕಾರಿಯ ನೀಲಿ ಪೆನ್ಸಿಲಿಗೆ ಅಧೀನ. ‘ಪಿಡೆ’ ಎಂಬ ಗುಪ್ತ ಪೊಲೀಸು ಪಡೆಯು ಮನೆಮನೆಯ ಮಾತಿಗೆ ಕಿವಿಗೊಟ್ಟಿರುತ್ತಿತ್ತು. ಆಫ್ರಿಕದ ವಸಾಹತುಗಳೂ ಗೋವೆಯೂ ವಸಾಹತುಗಳೇ ಅಲ್ಲ, ಪೋರ್ಚುಗಲ್ಲಿನ ‘ಸಾಗರಾಂತರ ಪ್ರಾಂತ’ಗಳೆಂಬುದು ಆ ಸರ್ಕಾರದ ನಿಲುವು. ಹೆಸರನ್ನು ಬದಲಾಯಿಸಿದರೆ ವಸ್ತುವೂ ಬದಲಾಗುತ್ತದೆಂಬ ಈ ನಂಬಿಕೆ ಆಳುವವರಲ್ಲಿ ಹೊಸದೇನಲ್ಲ.

ಅಫೊನ್ಸೊ ಹುಟ್ಟಿದ್ದು ೧೯೨೯ರ ಆಗಸ್ಟ್ ೨ರಂದು, ಸಮುದ್ರತೀರದ ಆವೆಯ್ರು ಪಟ್ಟಣದಲ್ಲಿ. ತಂದೆ ನ್ಯಾಯಾಧೀಶ, ತಾಯಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ತಂದೆಯ ಉದ್ಯೋಗವು ವಸಾಹತುಗಳಲ್ಲಿದ್ದುದರಿಂದ ಬಾಲ್ಯವೆಲ್ಲ ಅಂಗೋಲ, ಪೋರ್ಚುಗಲ್, ಮೊಜಾಂಬಿಕ್ ಎಂದು ಅಲೆದಾಟದಲ್ಲಿಯೇ ಕಳೆಯಿತು. ಬೆಲ್ಮೊಂತೆ ಎಂಬ ಊರಿನಲ್ಲಿ ಪುರಾಧ್ಯಕ್ಷನಾಗಿದ್ದ ಒಬ್ಬ ಬಂಧುವಿನ ಮನೆಯಲ್ಲಿ ಕೆಲವು ಕಾಲ ಇರಬೇಕಾಯಿತು. ಆ ಬಂಧು ಸಲಜಾರನ ಕಟ್ಟಾ ಅಭಿಮಾನಿಯಾದ ಕಾರಣ ಬಾಲಕನು ಸರ್ಕಾರದ ಯುವಕದಳದ ಸಮವಸ್ತ್ರವನ್ನು ತೊಡಬೇಕಾಯಿತು. ೧೯೪೦ರಲ್ಲಿ ವಿದ್ಯಾಭ್ಯಾಸಕ್ಕಾಗಿ ಕೊಯಿಂಬ್ರಕ್ಕೆ ಬಂದನು. ಆ ವೇಳೆಗೆ ತಂದೆತಾಯಿಗಳು ತಿಮೋರ್ ದ್ವೀಪದಲ್ಲಿದ್ದರು. ಜಪಾನೀಯರು ಆ ದ್ವೀಪವನ್ನು ಆಕ್ರಮಿಸಿದ ಮೇಲೆ ಅವರು ಸೆರೆಯಾಳುಗಳಾದರು. ೧೯೪೫ರಲ್ಲಿ ಯುದ್ಧ ಮುಗಿಯುವವರೆಗೆ ಅವರು ಬದುಕಿರುವರೋ ಇಲ್ಲವೋ ಎಂಬುದೇ ಮಗನಿಗೆ ತಿಳಿಯದು. ಸಾಮ್ರಾಜ್ಯವೆಂಬುದು ಆತನಿಗೆ ಭೂಪಟದ ಮೇಲಿನ ಬಣ್ಣವಾಗಿರಲಿಲ್ಲ. ತಂದೆತಾಯಿಗಳನ್ನು ದೂರವಿಟ್ಟ ಸಂಗತಿಯಾಗಿತ್ತು.

ಕೊಯಿಂಬ್ರದಲ್ಲಿ ‘ಫಾದು’ ಎಂಬ ಗಾನಪ್ರಕಾರದ ಒಂದು ಕವಲು ಬೆಳೆದಿದೆ. ಲಿಸ್ಬನ್ನಿನ ಫಾದುವನ್ನು ಗಂಡಸರೂ ಹೆಂಗಸರೂ ಹಾಡುತ್ತಾರೆ. ಕೊಯಿಂಬ್ರದ್ದು ಕರಿಯ ನಿಲುವಂಗಿಯನ್ನು ಹೊದ್ದ ವಿದ್ಯಾರ್ಥಿಗಳ, ಅಂದರೆ ಗಂಡುದನಿಯ ಗಾನ. ಸಾಹಿತ್ಯ ವಿಭಾಗದಲ್ಲಿ ಇತಿಹಾಸ ಮತ್ತು ತತ್ತ್ವಶಾಸ್ತ್ರಗಳನ್ನು ಓದುತ್ತಿದ್ದ ಅಫೊನ್ಸೊ ಈ ಪರಂಪರೆಯಲ್ಲಿ ಪಳಗಿದನು. ೧೯೫೩ರಲ್ಲಿ ಆತನ ಮೊದಲ ಧ್ವನಿಮುದ್ರಿಕೆಗಳು ಹೊರಬಂದವು. ಸೈನಿಕ ಸೇವೆ, ವಿವಾಹ, ಬಡತನ, ಊರೂರಿನ ಶಾಲೆಗಳಲ್ಲಿ ಅಧ್ಯಾಪಕವೃತ್ತಿ ಇವೆಲ್ಲದರ ನಡುವೆ ಪದವಿ ಮುಗಿಯುವಾಗ ೧೯೬೩ ಆಗಿತ್ತು. ಪದವಿಗಾಗಿ ಆತನು ಬರೆದ ಪ್ರಬಂಧದ ವಿಷಯ ಫ್ರೆಂಚ್ ತತ್ತ್ವಜ್ಞಾನಿ ಸಾರ್ತ್ರ್‌ನ ದರ್ಶನ. ಆ ಪ್ರಬಂಧಕ್ಕೆ ಇಪ್ಪತ್ತಕ್ಕೆ ಹನ್ನೊಂದು ಅಂಕಗಳು ಮಾತ್ರ ದೊರೆತವು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಸಮಾಧಾನದಿಂದ ಓದಬಹುದು.

ಆದರೆ ಆ ವೇಳೆಗೆ ಆತನ ಹಾಡು ದಾರಿ ಬದಲಿಸಿತ್ತು. ಹನ್ನೆರಡು ತಂತಿಗಳ ಪೋರ್ಚುಗೀಸ್ ಗಿಟಾರು ಫಾದುವಿನ ಜೀವಾಳ. ಅಫೊನ್ಸೊ ಅದನ್ನು ಬದಿಗಿಟ್ಟು, ರೂಯ್ ಪಾತು ಎಂಬ ಹದಿಹರೆಯದ ಹುಡುಗನು ನುಡಿಸುವ ಸಾಮಾನ್ಯ ಗಿಟಾರೊಂದನ್ನೇ ಆಧಾರವಾಗಿಟ್ಟುಕೊಂಡು ಹಾಡತೊಡಗಿದನು. ಇದು ಕೇವಲ ವಾದ್ಯದ ಬದಲಾವಣೆಯಲ್ಲ. ವಾದ್ಯದ ಅಲಂಕಾರ ತಗ್ಗಿದಷ್ಟೂ ಮಾತು ಮುಂದೆ ಬಂದಿತು. ಮಾತು ಮುಂದೆ ಬಂದಾಗ ಅದು ವಿರಹ, ಬೆಳುದಿಂಗಳುಗಳನ್ನು ಬಿಟ್ಟು ಪೋರ್ತು ನಗರದ ಕೊಳಚೆ ಕೇರಿಯ ಮಗುವನ್ನು ಕುರಿತು ನುಡಿಯಿತು. ೧೯೬೩ರ ‘ಊಶ್ ವಂಪೀರುಶ್’ ಎಂಬ ಹಾಡು ರಾತ್ರಿಯಲ್ಲಿ ಹಿಂಡುಹಿಂಡಾಗಿ ಬಂದು ನಾಡಿನ ನೆತ್ತರನ್ನು ಹೀರುವ ರಕ್ತಪಿಶಾಚಿಗಳನ್ನು ವರ್ಣಿಸುತ್ತದೆ. ಹಾಡಿನಲ್ಲಿ ಯಾರ ಹೆಸರೂ ಇಲ್ಲ. ಆದರೂ ಕೇಳಿದವರೆಲ್ಲರಿಗೂ ಅರ್ಥವಾಯಿತು, ಪರಿಶೀಲನಾಧಿಕಾರಿಗಳಿಗೂ ಅರ್ಥವಾಯಿತು. ಹಾಡು ನಿಷಿದ್ಧವಾಯಿತು.

ಇಲ್ಲಿ ೧೯೬೧ನೆಯ ವರ್ಷದ ಬಗೆಗೆ ಒಂದು ಮಾತು ಹೇಳಬೇಕು. ಆ ವರ್ಷದ ಆರಂಭದಲ್ಲಿ ಅಂಗೋಲದಲ್ಲಿ ಸ್ವಾತಂತ್ರ್ಯಸಮರ ಹೊತ್ತಿಕೊಂಡಿತು. ಗಿನಿಯಲ್ಲಿ ೧೯೬೩ರಲ್ಲಿಯೂ ಮೊಜಾಂಬಿಕಿನಲ್ಲಿ ೧೯೬೪ರಲ್ಲಿಯೂ ಅದೇ ಬೆಂಕಿ ಹರಡಿತು. ವರ್ಷದ ಕೊನೆಯಲ್ಲಿ, ಡಿಸೆಂಬರ್ ೧೯ರಂದು, ಗೋವೆಯ ಗವರ್ನರ್ ಜನರಲ್ ವಸ್ಸಾಲು ಇ ಸಿಲ್ವನು ಭಾರತೀಯ ಸೈನ್ಯಕ್ಕೆ ಶರಣಾದನು. ಅದೇ ಡಿಸೆಂಬರ್ ೧೯ರಂದು ಲಿಸ್ಬನ್ನಿನ ಆಲ್ಕಾಂತರ ಬಡಾವಣೆಯ ಬೀದಿಯೊಂದರಲ್ಲಿ, ಭೂಗತ ಕಮ್ಯೂನಿಸ್ಟ್ ಪಕ್ಷದಲ್ಲಿದ್ದ ಶಿಲ್ಪಿ ಜೋಸೆ ದಿಯಶ್ ಕುವೆಲ್ಯುವನ್ನು ಗುಪ್ತ ಪೊಲೀಸರು ಗುಂಡಿಕ್ಕಿ ಕೊಂದರು. ಈ ಕೊಲೆಯನ್ನು ಕುರಿತು ಅಫೊನ್ಸೊ ರಚಿಸಿದ ಹಾಡು ೧೯೭೨ರ ಧ್ವನಿಮುದ್ರಿಕೆಯಲ್ಲಿದೆ. ಸಾವು ಬೀದಿಗಿಳಿದು ಬಂದಿತೆಂಬುದು ಅದರ ಹೆಸರಿನ ಭಾವ. ಎರಡು ಘಟನೆಗಳಿಗೆ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೆ ಮಾಂಡೋವಿಯ ದಡದಲ್ಲಿ ಕುಸಿದ ಅಧಿಕಾರವು ತೇಜೊ ನದಿಯ ದಡದಲ್ಲಿ ಹೇಗೆ ನಡೆದುಕೊಳ್ಳುತ್ತಿತ್ತೆಂಬುದನ್ನು ಒಂದೇ ದಿನದ ಈ ಎರಡು ಚಿತ್ರಗಳಿಗಿಂತ ಸ್ಪಷ್ಟವಾಗಿ ತೋರಿಸುವ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಗೋವೆಯ ಪ್ರಸಂಗಕ್ಕೆ ಮತ್ತೊಂದು ಪರಿಣಾಮವಿತ್ತು. ಅದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಕೊನೆಯವನವರೆಗೂ ಹೋರಾಡಿ ಮಡಿಯಬೇಕೆಂಬುದು ಸಲಜಾರನ ಆಜ್ಞೆಯಾಗಿತ್ತು. ಮೂರು ಸಾವಿರಕ್ಕೂ ಹೆಚ್ಚು ಸೈನಿಕರನ್ನು ವ್ಯರ್ಥ ಮರಣಕ್ಕೆ ಒಪ್ಪಿಸಲು ಗವರ್ನರನು ನಿರಾಕರಿಸಿದನು. ಸೆರೆಯಿಂದ ಬಿಡುಗಡೆಯಾಗಿ ಹಿಂದಿರುಗಿದವರಿಗೆ ದೊರೆತುದು ಸ್ವಾಗತವಲ್ಲ, ಅವಮಾನ. ಗವರ್ನರನನ್ನು ೧೯೬೩ರಲ್ಲಿ ಸೈನ್ಯದಿಂದ ಹೊರಹಾಕಲಾಯಿತು. ತಪ್ಪು ಲಿಸ್ಬನ್ನಿನದು, ದಂಡನೆ ಸೈನ್ಯಕ್ಕೆ ಎಂಬ ಕಹಿಯನ್ನು ಅಧಿಕಾರಿಗಳು ಮರೆಯಲಿಲ್ಲ. ಮುಂದೆ ಗಿನಿಯ ಯುದ್ಧ ಗೆಲ್ಲಲಾಗದ್ದೆಂದು ಸ್ಪಷ್ಟವಾದಾಗ, ಗೋವೆಯ ಕಥೆಯೇ ಪುನರಾವರ್ತನೆಯಾಗುವುದೆಂಬ ಭಯ ಅವರನ್ನು ಕಾಡಿತು.

ಈಗ ಗ್ರಾಂದೊಲದ ಹಾಡಿಗೆ ಬರೋಣ. ಗ್ರಾಂದೊಲವು ದಕ್ಷಿಣ ಪೋರ್ಚುಗಲ್ಲಿನ ಅಲೆಂತೇಜು ಸೀಮೆಯ ಒಂದು ಸಣ್ಣ ಪಟ್ಟಣ. ಗೋದಿಯ ಹೊಲಗಳು, ಬೂಚಿನ ಮರದ ತೋಪುಗಳು, ಕೆಲವೇ ಕುಟುಂಬಗಳ ಕೈಯಲ್ಲಿದ್ದ ವಿಸ್ತಾರವಾದ ಜಮೀನುಗಳು, ಋತುವಿಗೊಮ್ಮೆ ಕೂಲಿ ಸಿಕ್ಕರೆ ಸಿಕ್ಕಿತೆನ್ನುವ ಭೂಹೀನ ಕೃಷಿಕಾರ್ಮಿಕರು, ಇದು ಆ ಸೀಮೆಯ ಆಗಿನ ಲಕ್ಷಣ. ಅಲ್ಲಿ ೧೯೧೨ರಲ್ಲಿ ಸ್ಥಾಪಿತವಾದ ಕಾರ್ಮಿಕರ ಸಂಗೀತ ಸಂಘವೊಂದಿತ್ತು. ೧೯೬೪ರ ಮೇ ೧೭ರಂದು ಅಫೊನ್ಸೊ ಆ ಸಂಘದ ಆಹ್ವಾನದಂತೆ ಅಲ್ಲಿ ಹಾಡಿದನು. ಗಿಟಾರುವಾದನದಲ್ಲಿ ಅದ್ವಿತೀಯನೆನಿಸಿದ ಕಾರ್ಲುಶ್ ಪರೇದಶ್ ಕೂಡ ಅಂದು ನುಡಿಸಿದನು. ಬಡ ಕೂಲಿಕಾರರು ತಾವೇ ಕಟ್ಟಿ ನಡೆಸುತ್ತಿದ್ದ ಆ ಸಂಸ್ಥೆ, ಅದರ ಗ್ರಂಥಾಲಯ, ಅದರ ಶಿಸ್ತು ಇವು ಗಾಯಕನ ಮನಸ್ಸನ್ನು ಆಳವಾಗಿ ತಟ್ಟಿದವು. ಊರಿಗೆ ಮರಳಿದ ಮೇಲೆ ಆತನು ಒಂದು ಪದ್ಯವನ್ನು ಬರೆದು ಸಂಘಕ್ಕೆ ಕಾಣಿಕೆಯಾಗಿ ಕಳುಹಿಸಿದನು. ಅದೇ ‘ಗ್ರಾಂದೊಲ, ವಿಲ ಮೊರೇನ’. ಬಿಸಿಲಿಗೆ ಕಂದಿದ ಊರು, ಮೂಲೆಮೂಲೆಯಲ್ಲಿ ಸಿಗುವ ಗೆಳೆಯ, ಸಮಾನತೆ, ಊರಿನೊಳಗೆ ಜನರದೇ ಆಳಿಕೆ: ಪದ್ಯದಲ್ಲಿರುವ ಭಾವಗಳು ಇಷ್ಟೇ. ಸರ್ಕಾರದ ಮೇಲೆ ಒಂದು ಬೈಗುಳವೂ ಅದರಲ್ಲಿಲ್ಲ.

ಅಲೆಂತೇಜಿನ ಗಂಡಸರು ವಾದ್ಯಗಳಿಲ್ಲದೆ ಮೇಳವಾಗಿ ಹಾಡುವ ಪದ್ಧತಿಯೊಂದಿದೆ. ಒಬ್ಬನು ಸೊಲ್ಲೆತ್ತುತ್ತಾನೆ, ಇನ್ನೊಬ್ಬನು ಮೇಲಿನ ಸ್ವರದಲ್ಲಿ ಅದನ್ನು ಕೈಗೆತ್ತಿಕೊಳ್ಳುತ್ತಾನೆ, ಬಳಿಕ ಇಡೀ ಮೇಳವು ಗಂಭೀರವಾದ ನಿಧಾನಗತಿಯಲ್ಲಿ ಕೂಡಿಕೊಳ್ಳುತ್ತದೆ. ನಮ್ಮ ಗೀಗೀ ಮೇಳಗಳಲ್ಲಿ ಸೂರಿನವರು ಸೊಲ್ಲನ್ನು ಹಿಡಿಯುವುದನ್ನು ಕೇಳಿದವರಿಗೆ ಇದರ ಕಲ್ಪನೆ ಕಷ್ಟವಾಗದು. ಲಯ ಮಾತ್ರ ತೀರ ಬೇರೆ. ಈ ಗಾನವನ್ನು ೨೦೧೪ರಲ್ಲಿ ಯುನೆಸ್ಕೊ ಸಂಸ್ಥೆಯು ಮಾನವಕುಲದ ಸಾಂಸ್ಕೃತಿಕ ಪರಂಪರೆಗಳ ಪಟ್ಟಿಗೆ ಸೇರಿಸಿತು. ೧೯೭೧ರಲ್ಲಿ ಪ್ಯಾರಿಸಿನ ಬಳಿಯ ಎರೂವಿಲ್ ಎಂಬಲ್ಲಿ, ದೇಶಭ್ರಷ್ಟನಾಗಿದ್ದ ಗಾಯಕ ಜೋಸೆ ಮಾರಿಯು ಬ್ರಾಂಕುವಿನ ನೇತೃತ್ವದಲ್ಲಿ ‘ಕಾಂತಿಗಶ್ ದು ಮಾಯು’ ಎಂಬ ಧ್ವನಿಮುದ್ರಿಕೆ ಸಿದ್ಧವಾದಾಗ ಗ್ರಾಂದೊಲದ ಹಾಡನ್ನು ಈ ಪದ್ಧತಿಯಲ್ಲಿಯೇ ಹಾಡಲಾಯಿತು. ನಾಲ್ವರು ಗೆಳೆಯರು ರಾತ್ರಿಯ ವೇಳೆ ಜಲ್ಲಿಕಲ್ಲಿನ ಮೇಲೆ ಒಟ್ಟಿಗೆ ಹೆಜ್ಜೆಹಾಕಿ ಆ ಸಪ್ಪಳವನ್ನು ಮುದ್ರಿಸಿಕೊಂಡರು. ಹೊಲದ ಕೆಲಸ ಮುಗಿಸಿ ಕೈಕೈ ಸೇರಿಸಿ ನಡೆದುಬರುವ ಕೂಲಿಕಾರರ ಹೆಜ್ಜೆಯೆಂದು ಅದನ್ನು ಉದ್ದೇಶಿಸಿದ್ದರು. ಮೂರು ವರ್ಷಗಳ ಬಳಿಕ ಜನರು ಅದನ್ನು ಸೈನಿಕರ ಹೆಜ್ಜೆಯೆಂದು ಕೇಳಿದರು.

ಈ ನಡುವೆ ಗಾಯಕನ ಬಾಳು ಸುಗಮವಾಗಿರಲಿಲ್ಲ. ೧೯೬೪ರಿಂದ ೧೯೬೭ರವರೆಗೆ ಮೊಜಾಂಬಿಕಿನಲ್ಲಿ ಅಧ್ಯಾಪಕನಾಗಿ, ವಸಾಹತುಶಾಹಿಯ ನಿಜರೂಪವನ್ನು ಪ್ರಾಪ್ತವಯಸ್ಕನ ಕಣ್ಣಿನಿಂದ ಕಂಡು ಹಿಂದಿರುಗಿದನು. ಬೈರಾ ನಗರದಲ್ಲಿ ಬ್ರೆಕ್ಟನ ನಾಟಕವೊಂದಕ್ಕೆ ಸಂಗೀತ ರಚಿಸಿದ್ದು ಈ ಅವಧಿಯಲ್ಲಿ. ಸ್ವದೇಶಕ್ಕೆ ಬಂದು ಸೆತೂಬಲ್ಲಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆರೋಗ್ಯ ಕೆಟ್ಟಿತು. ಸರ್ಕಾರಿ ಅಧ್ಯಾಪಕವೃತ್ತಿಯಿಂದ ಆತನನ್ನು ತೆಗೆದುಹಾಕಲಾಯಿತು. ಮನೆಪಾಠ ಹೇಳಿ ಸಂಸಾರ ಸಾಗಿಸಬೇಕಾದ ಆ ಹೊತ್ತಿನಲ್ಲಿ ಪೋರ್ತು ನಗರದ ‘ಓರ್ಫೆವು’ ಎಂಬ ಧ್ವನಿಮುದ್ರಣ ಸಂಸ್ಥೆಯು ತಿಂಗಳ ಸಂಬಳಕ್ಕೆ ಒಪ್ಪಿ, ವರ್ಷಕ್ಕೊಂದು ಧ್ವನಿಮುದ್ರಿಕೆಯನ್ನು ಕೊಡಬೇಕೆಂಬ ಕರಾರು ಮಾಡಿಕೊಂಡಿತು. ಸರ್ಕಾರವು ಕಸಿದ ಅನ್ನವನ್ನು ವ್ಯಾಪಾರ ಸಂಸ್ಥೆಯೊಂದು ಒದಗಿಸಿತು. ೧೯೬೮ರಿಂದ ೧೯೭೪ರವರೆಗಿನ ಆತನ ಶ್ರೇಷ್ಠ ರಚನೆಗಳೆಲ್ಲ ಈ ಕರಾರಿನ ಫಲ. ಪತ್ರಿಕೆಗಳು ಆತನ ಹೆಸರನ್ನು ಅಚ್ಚುಮಾಡುವಂತಿರಲಿಲ್ಲವಾದ್ದರಿಂದ ಅಕ್ಷರಗಳನ್ನು ಹಿಂದುಮುಂದಾಗಿಸಿ ‘ಎಸೊಜ್ ಒಸ್ನೊಫಾ’ ಎಂದು ಬರೆಯುವ ಉಪಾಯವನ್ನು ಕಂಡುಕೊಂಡವು. ೧೯೭೩ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಸುಮಾರು ಇಪ್ಪತ್ತು ದಿನ ಕಶೀಯಶ್ ಸೆರೆಮನೆಯಲ್ಲಿ ಕಳೆಯಬೇಕಾಯಿತು.

೧೯೬೮ರಲ್ಲಿ ಸಲಜಾರನು ಅಸ್ವಸ್ಥನಾಗಿ ಮಾರ್ಸೆಲು ಕಯೆತಾನು ಪ್ರಧಾನಿಯಾಗಿದ್ದನು. ಆಳಿಕೆ ಬದಲಾಗಲಿಲ್ಲ, ಯುದ್ಧವೂ ನಿಲ್ಲಲಿಲ್ಲ. ಆಫ್ರಿಕದ ರಣರಂಗಗಳಲ್ಲಿ ೮,೦೦೦ಕ್ಕೂ ಮಿಕ್ಕಿ ಪೋರ್ಚುಗೀಸ್ ಸೈನಿಕರು ಸತ್ತರು. ೧೯೭೩ರಲ್ಲಿ ಬಡ್ತಿಯ ನಿಯಮಗಳನ್ನು ಕುರಿತ ಅಸಮಾಧಾನದಿಂದ ಹುಟ್ಟಿದ ಕ್ಯಾಪ್ಟನ್ನರ ಚಳವಳಿಯು ಕೆಲವೇ ತಿಂಗಳುಗಳಲ್ಲಿ ಸರ್ಕಾರವನ್ನೇ ಉರುಳಿಸುವ ಒಳಸಂಚಾಗಿ ಬೆಳೆಯಿತು. ೧೯೭೪ರ ಮಾರ್ಚ್ ೧೬ರಂದು ಕಾಲ್ದಶ್ ದ ರೈನ್ಯದ ಸೇನಾದಳವು ಅವಸರದಿಂದ ಹೊರಟು ವಿಫಲವಾಯಿತು. ಇದಾದ ಹದಿಮೂರನೆಯ ದಿನ, ಮಾರ್ಚ್ ೨೯ರಂದು, ಲಿಸ್ಬನ್ನಿನ ಕೊಲಿಸೆವು ರಂಗಮಂದಿರದಲ್ಲಿ ಗಾಯಕರ ಸಮ್ಮೇಳನವೊಂದು ನಡೆಯಿತು. ಅಫೊನ್ಸೊ ಹಾಡಬೇಕೆಂದಿದ್ದ ಹಲವು ಹಾಡುಗಳನ್ನು ಪರಿಶೀಲನಾಧಿಕಾರಿಗಳು ನಿಷೇಧಿಸಿದರು. ಗ್ರಾಂದೊಲಕ್ಕೆ ಮಾತ್ರ ಅಪ್ಪಣೆ ಸಿಕ್ಕಿತು. ಕೊನೆಯಲ್ಲಿ ಗಾಯಕರೆಲ್ಲರೂ ತೋಳಿಗೆ ತೋಳು ಹೆಣೆದು ಅದನ್ನು ಹಾಡಿದಾಗ ಇಡೀ ಸಭೆ ದನಿಗೂಡಿಸಿತು. ಸಭೆಯಲ್ಲಿ ಚಳವಳಿಗೆ ಸೇರಿದ ಕೆಲವು ಸೇನಾಧಿಕಾರಿಗಳೂ ಇದ್ದರು.

ದಂಗೆಯ ಸಂಕೇತಗಳು ಎರಡು. ಮೊದಲನೆಯದು ಏಪ್ರಿಲ್ ೨೪ರ ರಾತ್ರಿ ೧೦ ಗಂಟೆ ೫೫ ನಿಮಿಷಕ್ಕೆ ಲಿಸ್ಬನ್ನಿನ ಒಂದು ರೇಡಿಯೋ ಕೇಂದ್ರದಿಂದ ಬಂದ ‘ಇ ದೆಪೊಯಿಶ್ ದು ಅದೆವುಶ್’ ಎಂಬ ಹಾಡು. ಹಾಡಿದವನು ಪಾವ್ಲು ದ ಕಾರ್ವಾಲ್ಯು ಎಂಬ ಜನಪ್ರಿಯ ಪಾಪ್ ಗಾಯಕ. ಇದು ಶುದ್ಧ ಪ್ರಣಯಗೀತೆ. ಅದೇ ತಿಂಗಳ ೬ರಂದು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆದ ಯೂರೋಪಿನ ಗೀತಸ್ಪರ್ಧೆಯಲ್ಲಿ ಪೋರ್ಚುಗಲ್ಲಿನ ಪರವಾಗಿ ನಿಂತು, ಕೇವಲ ಮೂರು ಅಂಕಗಳನ್ನು ಗಳಿಸಿ ಕಟ್ಟಕಡೆಯ ಸ್ಥಾನವನ್ನು ಹಂಚಿಕೊಂಡಿತ್ತು. ಅದು ರೇಡಿಯೋದಲ್ಲಿ ಬಂದರೆ ಯಾರಿಗೂ ಸಂದೇಹ ಬರುವಂತಿರಲಿಲ್ಲ. ಸಿದ್ಧರಾಗಿರಿ ಎಂಬುದು ಅದರ ಅರ್ಥ. ಆದರೆ ಆ ಕೇಂದ್ರದ ಪ್ರಸಾರ ರಾಜಧಾನಿಯ ಸುತ್ತಮುತ್ತಲಿಗೆ ಮಾತ್ರ ತಲಪುತ್ತಿತ್ತು. ಆದ್ದರಿಂದ ಇಡೀ ದೇಶಕ್ಕೆ ಕೇಳಿಸುವ ಎರಡನೆಯ ಸಂಕೇತ ಬೇಕಾಯಿತು. ಕ್ಯಾಥೊಲಿಕ್ ಚರ್ಚಿಗೆ ಸೇರಿದ ರೇಡಿಯೋ ರೆನಶೆನ್ಸದಿಂದ, ಏಪ್ರಿಲ್ ೨೫ರ ನಡುರಾತ್ರಿ ೧೨ ಗಂಟೆ ೨೦ ನಿಮಿಷಕ್ಕೆ, ಗ್ರಾಂದೊಲದ ಹಾಡು ಕೇಳಿಬಂದಿತು. ದಂಡಯಾತ್ರೆ ಹೊರಟಿದೆ, ಇನ್ನು ಹಿಂದೆಗೆಯುವಂತಿಲ್ಲ ಎಂಬುದು ಅದರ ಸೂಚನೆ.

ನಿಷಿದ್ಧವಾಗಿದ್ದ ಹಾಡೊಂದು ಆ ರಾತ್ರಿ ಬಿಡುಗಡೆಯಾಯಿತೆಂಬ ಕಥೆ ಪ್ರಚಾರದಲ್ಲಿದೆ. ಕಥೆಯಾಗಿ ಅದು ಚೆನ್ನ, ಇತಿಹಾಸವಾಗಿ ನಿಲ್ಲದು. ಅಧಿಕಾರಿಗಳು ಮೊದಲು ಯೋಚಿಸಿದ್ದು ಅಫೊನ್ಸೊನ ‘ವೆನ್ಯಾಂವ್ ಮಾಯಿಶ್ ಸಿಂಕು’ ಎಂಬ ಬೇರೊಂದು ಹಾಡನ್ನು. ಆ ಹಾಡು ರೆನಶೆನ್ಸದಲ್ಲಿ ವರ್ಜ್ಯವಾಗಿತ್ತು. ಅದನ್ನು ಹಾಕಿದರೆ ಸಂಚು ಬಯಲಾಗುತ್ತಿತ್ತು. ಗ್ರಾಂದೊಲದ ಮೇಲೆ ನಿಷೇಧವಿಲ್ಲದಿದ್ದುದರಿಂದಲೇ ಅದು ಆಯ್ಕೆಯಾಯಿತು. ನನ್ನ ದೃಷ್ಟಿಯಲ್ಲಿ ಇದು ಹಾಡಿನ ಮಹತ್ತ್ವವನ್ನು ಕಡಿಮೆ ಮಾಡುವುದಿಲ್ಲ. ಬೈಗುಳವನ್ನು ಹುಡುಕುವುದರಲ್ಲಿ ನಿಷ್ಣಾತನಾದ ಪರಿಶೀಲನಾಧಿಕಾರಿಗೆ ಹೊಗಳಿಕೆಯಲ್ಲಿ ಅಡಗಿರುವ ಅಪಾಯ ಕಾಣಲಿಲ್ಲ. ಒಂದು ಊರಿನಲ್ಲಿ ಜನ ಸಮಾನರಾಗಿ ಬಾಳುತ್ತಾರೆ ಎಂದು ಹೇಳಿದರೆ ಉಳಿದ ಊರುಗಳ ಗತಿಯೇನೆಂದು ಕೇಳುವವನು ತಾನೇ ಕೇಳಿಕೊಳ್ಳುತ್ತಾನೆ.

ಅಂದಿನ ಘಟನೆಗಳನ್ನು ವಿಸ್ತರಿಸಬೇಕಾಗಿಲ್ಲ. ಸಾಂತರೈನಿನಿಂದ ಕ್ಯಾಪ್ಟನ್ ಸಲ್ಗೈರು ಮಾಯನು ನಡೆಸಿಕೊಂಡು ಬಂದ ತುಕಡಿಯು ಕಾರ್ಮು ಸೇನಾನಿವಾಸವನ್ನು ಸುತ್ತುವರಿಯಿತು. ಸಂಜೆಗೆ ಕಯೆತಾನು ಜನರಲ್ ಸ್ಪೀನೊಲನಿಗೆ ಅಧಿಕಾರವನ್ನೊಪ್ಪಿಸಿದನು. ಜನರು ಬಂದೂಕಿನ ಬಾಯಿಗೆ ಕಾರ್ನೇಷನ್ ಹೂಗಳನ್ನು ಸಿಕ್ಕಿಸಿದರು. ರಕ್ತಪಾತವೇ ಆಗಲಿಲ್ಲವೆಂಬುದು ಮಾತ್ರ ನಿಜವಲ್ಲ. ಗುಪ್ತ ಪೊಲೀಸರು ತಮ್ಮ ಕಚೇರಿಯಿಂದ ಹಾರಿಸಿದ ಗುಂಡಿಗೆ ನಾಲ್ವರು ಬಲಿಯಾದರು. ಅಫೊನ್ಸೊನಿಗೆ ತನ್ನ ಹಾಡಿನ ಆಯ್ಕೆ ಮುಂಚಿತವಾಗಿ ತಿಳಿದಿರಲಿಲ್ಲ. ಆ ದಿನ ಜನಸಂದಣಿಯಲ್ಲಿ ಒಬ್ಬನಾಗಿ ಕಾರ್ಮು ಚೌಕದಲ್ಲಿ ತಿರುಗಾಡಿದ ಆತನು ಈ ಸಂಗತಿಗೆ ಹೆಚ್ಚು ಮಹತ್ತ್ವವನ್ನೇ ಕೊಡಲಿಲ್ಲವೆಂದೂ, ಮುಂದಿನ ಗಂಡಾಂತರದ ದಿನಗಳಲ್ಲಿ ಜನರೇ ಅದನ್ನು ಹಾಡತೊಡಗಿದಾಗ ಅದರ ಅರ್ಥ ತನಗೆ ತಿಳಿಯಿತೆಂದೂ ಬಳಿಕ ಹೇಳಿದನು. ಹೊಸ ಸರ್ಕಾರವು ಆಫ್ರಿಕದ ವಸಾಹತುಗಳಿಗೆ ಸ್ವಾತಂತ್ರ್ಯವನ್ನು ಕೊಟ್ಟಿತು. ಹದಿಮೂರು ವರ್ಷ ಲಿಸ್ಬನ್ ಒಪ್ಪದಿದ್ದ ಗೋವೆಯ ವಿಮೋಚನೆಯನ್ನು ೧೯೭೪ರ ಡಿಸೆಂಬರ್ ೩೧ರ ಒಪ್ಪಂದದ ಮೂಲಕ ಮಾನ್ಯಮಾಡಿತು. ಹೊಸದಿಲ್ಲಿಯಲ್ಲಿ ಅದಕ್ಕೆ ಸಹಿಹಾಕಿದವರು ಮಾರಿಯು ಸುವಾರಿಶ್ ಮತ್ತು ಯಶವಂತರಾವ್ ಚವ್ಹಾಣ್.

ಮುಂದಿನ ಎರಡು ವರ್ಷಗಳು ಗಾಯಕನಿಗೆ ಉತ್ಸಾಹದ ದಿನಗಳು. ಅಲೆಂತೇಜಿನಲ್ಲಿ ಕೂಲಿಕಾರರು ದೊಡ್ಡ ಜಮೀನುಗಳನ್ನು ವಶಪಡಿಸಿಕೊಂಡು ಸಹಕಾರಿ ಬೇಸಾಯ ಹೂಡಿದರು. ಹೀಗೆ ಕೈಬದಲಾದ ಭೂಮಿ ಹತ್ತು ಲಕ್ಷ ಹೆಕ್ಟೇರನ್ನು ಮೀರಿತ್ತು. ಅಫೊನ್ಸೊ ಕಾರ್ಖಾನೆಗಳಲ್ಲಿ, ಹೊಲಗಳಲ್ಲಿ, ಸೇನಾನಿವಾಸಗಳಲ್ಲಿ ಹಾಡಿದನು. ೧೯೭೫ರ ನವೆಂಬರ್ ೨೫ರ ತರುವಾಯ ಆ ಅಲೆ ಇಳಿಯಿತು. ಕ್ರಾಂತಿಯ ತೀವ್ರಪಂಥದವರ ಪರವಾಗಿಯೇ ಉಳಿದ ಆತನು ೧೯೭೬ರಲ್ಲಿಯೂ ೧೯೮೦ರಲ್ಲಿಯೂ ಅಧ್ಯಕ್ಷಪದವಿಗೆ ಸ್ಪರ್ಧಿಸಿದ ಒತೆಲು ಸರೈವ ದ ಕಾರ್ವಾಲ್ಯುವನ್ನು ಬೆಂಬಲಿಸಿದನು. ಈ ಅವಧಿಯ ಹಾಡುಗಳಲ್ಲಿ ಕೆಲವು ಪ್ರಚಾರಪತ್ರಗಳಂತಿವೆ ಎಂದು ಹೇಳದೆ ವಿಧಿಯಿಲ್ಲ. ಶತ್ರುವಿನ ಕಣ್ಣು ತಪ್ಪಿಸಲು ಕವಿಯು ಹೆಣೆದ ಪ್ರತಿಮೆಗಳು, ಕಣ್ಣು ತಪ್ಪಿಸುವ ಅಗತ್ಯ ಮುಗಿದಾಗ ಸಡಿಲವಾದವು.

೧೯೮೨ರಲ್ಲಿ ಸ್ನಾಯುಗಳನ್ನು ನಿಶ್ಚೇಷ್ಟಿತಗೊಳಿಸುವ ವಾಸಿಯಾಗದ ನರರೋಗವು ಕಾಣಿಸಿಕೊಂಡಿತು. ೧೯೮೩ರ ಜನವರಿ ೨೯ರಂದು ಅದೇ ಕೊಲಿಸೆವು ರಂಗಮಂದಿರದಲ್ಲಿ ಬಹು ಪ್ರಯಾಸದಿಂದ ಹಾಡಿದನು. ೧೯೮೫ರ ಕೊನೆಯ ಧ್ವನಿಮುದ್ರಿಕೆಯಲ್ಲಿ ಬಹುಪಾಲು ಹಾಡುಗಳನ್ನು ಗೆಳೆಯರೇ ಹಾಡಬೇಕಾಯಿತು. ಸರ್ಕಾರವು ಆತನನ್ನು ಅಧ್ಯಾಪಕವೃತ್ತಿಗೆ ಪುನಃ ಸೇರಿಸಿಕೊಂಡದ್ದು ೧೯೮೩ರಲ್ಲಿ, ಪಾಠ ಹೇಳುವ ಶಕ್ತಿ ಉಡುಗಿದ ಮೇಲೆ. ಅದೇ ವರ್ಷ ‘ಸ್ವಾತಂತ್ರ್ಯ ಪದಕ’ವನ್ನೂ ಕೊಡಬಂದಿತು, ಅದಕ್ಕಾಗಿ ತುಂಬಬೇಕಾದ ನಮೂನೆಯನ್ನು ತುಂಬಲು ಆತನು ನಿರಾಕರಿಸಿದನು. ೧೯೮೭ರ ಫೆಬ್ರವರಿ ೨೩ರಂದು ಸೆತೂಬಲ್ಲಿನಲ್ಲಿ ತೀರಿಕೊಂಡಾಗ, ಆತನ ಇಚ್ಛೆಯಂತೆ ಶವಪೆಟ್ಟಿಗೆಯ ಮೇಲೆ ಯಾವ ಚಿಹ್ನೆಯೂ ಇಲ್ಲದ ಕೆಂಪು ಬಟ್ಟೆಯನ್ನು ಹೊದಿಸಿದ್ದರು. ಮೂವತ್ತು ಸಾವಿರ ಜನ ಹಿಂದೆ ನಡೆದರು. ೧೯೯೪ರಲ್ಲಿ ಅಧ್ಯಕ್ಷ ಮಾರಿಯು ಸುವಾರಿಶ್ ಅದೇ ಪದಕವನ್ನು ಮರಣೋತ್ತರವಾಗಿ ಕೊಡಲು ಮುಂದಾದಾಗ, ಬದುಕಿದ್ದಾಗ ಪತಿಯು ಬೇಡವೆಂದುದನ್ನು ತಾನು ಸ್ವೀಕರಿಸಲಾರೆನೆಂದು ಪತ್ನಿ ಜೆಲಿಯ ತಿಳಿಸಿದಳು.

೨೦೧೩ರ ಫೆಬ್ರವರಿ ೧೫ರಂದು, ಆರ್ಥಿಕ ಸಂಕಷ್ಟದ ಕಾಲದಲ್ಲಿ, ಪೋರ್ಚುಗಲ್ಲಿನ ಸಂಸತ್ತಿನಲ್ಲಿ ಪ್ರಧಾನಿ ಪಾಸುಶ್ ಕುವೆಲ್ಯು ಮಾತನಾಡುತ್ತಿರುವಾಗ ಪ್ರೇಕ್ಷಕರ ಮೊಗಸಾಲೆಯಿಂದ ಕೆಲವರು ಗ್ರಾಂದೊಲದ ಹಾಡನ್ನು ಎತ್ತಿಕೊಂಡರು. ಅವರನ್ನು ಹೊರಗೆ ಕಳುಹಿಸುವವರೆಗೆ ಪ್ರಧಾನಿಯು ಮಾತು ನಿಲ್ಲಿಸಬೇಕಾಯಿತು.

ಪಿಡೆಯ ಕಡತಗಳು ಈಗ ಲಿಸ್ಬನ್ನಿನ ತೊರ್ರೆ ದು ತೊಂಬು ದಫ್ತರಖಾನೆಯಲ್ಲಿವೆ. ೧೯೯೪ರಿಂದ ಸಂಶೋಧಕರಿಗೆ ತೆರೆದಿವೆ. ಗೋವೆಯಿಂದ ಸಾಗಿಸಿದ ‘ಮಾನ್ಸೂನ್ ಪತ್ರ’ಗಳ ಸಂಪುಟಗಳನ್ನು ನೋಡಲು ನಮ್ಮ ಸಂಶೋಧಕರು ಹೋಗುವುದೂ ಅದೇ ದಫ್ತರಖಾನೆಗೆ. ಒಂದೇ ಸೂರಿನಡಿಯಲ್ಲಿರುವ ಈ ಎರಡು ಬಗೆಯ ಕಾಗದಗಳನ್ನು ಒಟ್ಟಿಗೆ ಓದುವ ಕೆಲಸ ನಮ್ಮಲ್ಲಿ ಇನ್ನೂ ಆಗಬೇಕಾಗಿದೆ.